ಮಂಡಕ್ಕಿಯ ಮೊಗ್ಗಿನ ಜಡೆ

ಮನೆಯಲ್ಲೇ ಮಾಡಿದ ವಸ್ತುವನ್ನು ಕಂಡಾಗ ಜನ "ನೀವೇ ಮಾಡಿದ್ದಾ?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಇಷ್ಟು ವರ್ಷ ಕೇಳಿಸಿಕೊಂಡ ಮೇಲೆ ಅದರಲ್ಲಿ ಎರಡು ರಾಗಗಳಿವೆ ಎಂದು ನಾನು ಕಂಡುಕೊಂಡಿದ್ದೇನೆ. ಒಂದರಲ್ಲಿ ಹುಬ್ಬು ಮೇಲೇರುತ್ತದೆ, ಅದು ಮೆಚ್ಚುಗೆ. ಇನ್ನೊಂದರಲ್ಲಿ ಹುಬ್ಬು ಇದ್ದಲ್ಲೇ ಇರುತ್ತದೆ, ತುಟಿ ಮಾತ್ರ ಸ್ವಲ್ಪ ಓರೆಯಾಗುತ್ತದೆ. ಇಂಥದ್ದನ್ನು ಯಾವ ಅಂಗಡಿಯವನೂ ಮಾರುವ ಧೈರ್ಯ ಮಾಡಲಾರ ಎಂಬುದು ಅದರ ತಾತ್ಪರ್ಯ. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಎರಡನೆಯದೇ. ಆದರೂ ನಾನು ಬಿಟ್ಟಿಲ್ಲ. ಬಿಡುವುದೂ ಇಲ್ಲ. ಹರಿಹರದಲ್ಲಿ ಅಷ್ಟೆಲ್ಲ ಆದ ಮೇಲೂ ಬಿಟ್ಟಿಲ್ಲ ಎಂದರೆ ಇನ್ನು ಯಾವುದಕ್ಕೆ ಬಿಡಲಿ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಅಲ್ಲೇ ಒಂದು ಕಾಲೇಜಿನ ಕಚೇರಿಯಲ್ಲಿ ನನ್ನ ಗುಮಾಸ್ತಿಕೆ. ಬಿಡುವು ಸಿಕ್ಕರೆ ಕೈಗೆ ಸೂಜಿ ದಾರ ಬರುತ್ತದೆ. ಉಲ್ಲನ್ನಿನ ಬಾಗಿಲ ತೋರಣ, ತೆಂಗಿನ ಚಿಪ್ಪಿನ ದೀಪ, ಹರಳೆಣ್ಣೆ ದೀಪದ ಮಸಿಯಿಂದ ಕಾಡಿಗೆ, ಬೀಟ್‌ರೂಟ್ ರಸಕ್ಕೆ ತುಪ್ಪ ಬೆರೆಸಿ ತುಟಿಗೆ ಹಚ್ಚುವ ಬಣ್ಣ, ಎಲ್ಲವನ್ನೂ ಮಾಡಿದ್ದೇನೆ. ಗಂಡಸಿಗೆ ಯಾಕೆ ಇದೆಲ್ಲ ಎನ್ನುವವರಿದ್ದಾರೆ. ನಮ್ಮೂರಿನ ಹೂವಿನ ಅಂಗಡಿಗಳಲ್ಲಿ ಮಾಲೆ ಕಟ್ಟುತ್ತಾ ಕೂತವರು ಗಂಡಸರು, ರವಿಕೆ ಹೊಲಿಯುವವರಲ್ಲೂ ಬೇಕಾದಷ್ಟು ಗಂಡಸರಿದ್ದಾರೆ. ಅವರು ಕೂಲಿಗೆ ಮಾಡಿದರೆ ಕಸುಬು, ನಾನು ಖುಷಿಗೆ ಮಾಡಿದರೆ ಹುಚ್ಚು! ಈ ನ್ಯಾಯವನ್ನು ನಾನು ಒಪ್ಪುವುದಿಲ್ಲ. ಇನ್ನು ಕೊಳ್ಳುವ ಸಾಮಾನಿನಲ್ಲೂ ನನ್ನದು ಅದೇ ಹಟ. ಗಡಿಯಾರ ಕಂಬದ ಹತ್ತಿರ ತಳ್ಳುಗಾಡಿಯಲ್ಲಿ ಸಿಗುವ ಅಗ್ಗದ ತುಟಿಬಣ್ಣ, ಗಾಜಿನ ಪೆಟ್ಟಿಗೆಯೊಳಗಿನ ದುಬಾರಿ ಬಣ್ಣಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ನಾನು ನನ್ನ ಮೈಮೇಲೆಯೇ ಪರೀಕ್ಷೆ ಮಾಡಿ ನೋಡಿದ್ದೇನೆ. ಮುಂಗೈ ಮೇಲೆ ಸಾಲಾಗಿ ಕೆಂಪು ಗೆರೆ ಎಳೆದುಕೊಂಡು ಕಚೇರಿಗೆ ಹೋದ ದಿನ ನಮ್ಮ ಪ್ರಾಂಶುಪಾಲರು ನನ್ನ ಕೈ ನೋಡಿ, ದನಿ ತಗ್ಗಿಸಿ, "ಮನೆಯಲ್ಲಿ ಎಲ್ಲಾ ಸರಿ ಐತಲ್ರಿ?" ಎಂದರು. ಸಂಜೆ ಅದನ್ನು ಕೇಳಿದ ನನ್ನ ಹೆಂಡತಿ ಸುಮ, "ನಾನು ಪರಚಿದ್ದು ಅಂತ ತಿಳ್ಕೊಂಡ್ರು ಅವ್ರು. ಊರಾಗೆ ನನ್ನ ಹೆಸ್ರು ಕೆಡಿಸೋಕೆ ನಿಮಗೆ ಬಣ್ಣನೂ ಬೇಕಿತ್ತಾ?" ಎಂದು ಎರಡು ದಿನ ಮಾತು ಬಿಟ್ಟಳು. ಬಣ್ಣ ಮೂರನೆಯ ದಿನಕ್ಕೂ ಹೋಗಿರಲಿಲ್ಲ. ನನ್ನ ಮಾತು ಸಾಬೀತಾಗಿತ್ತು.

ಈಗ ಹರಿಹರದ ವಿಷಯ. ಅಲ್ಲಿ ನಡೆದದ್ದರ ಬಗ್ಗೆ ನಮ್ಮ ನೆಂಟರಲ್ಲಿ ತರತರದ ಕಥೆಗಳು ಓಡಾಡುತ್ತಿವೆ. ಜಡೆಗೆ ಇರುವೆ ಮುತ್ತಿತ್ತು ಎಂಬುದು ಶುದ್ಧ ಸುಳ್ಳು. ನಾನು ಹತ್ತಿರವೇ ನಿಂತಿದ್ದೆ. ಆದ್ದರಿಂದ ಅವಸರ ಮಾಡದೆ, ಕಂಡಷ್ಟನ್ನೇ ಹೇಳುತ್ತೇನೆ.

ನನ್ನ ಅಕ್ಕ ಗಿರಿಜಾ ಹರಿಹರದವಳು, ಎಂದರೆ ಕೊಟ್ಟದ್ದು ಅಲ್ಲಿಗೆ. ಅವಳ ಮಗಳು ವೀಣಾ ಚೊಚ್ಚಲ ಬಸುರಿ. ಅವಳನ್ನು ಕೊಟ್ಟದ್ದು ಲೋಕಿಕೆರೆಗೆ. ಐದನೇ ತಿಂಗಳ ಕುಬಸ ತವರಿನಲ್ಲಿ ಆಗಬೇಕು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಉಡಿ ತುಂಬಿ, ಬೆನ್ನ ಹಿಂದೆ ಕನ್ನಡಿ ಹಿಡಿದು ಜಡೆಯ ಫೋಟೋ ತೆಗೆಸಬೇಕು. ಎಲ್ಲಾ ಸರಿ, ಆದರೆ ವೀಣಾಗೆ ವಾಸನೆ ಆಗುತ್ತಿರಲಿಲ್ಲ. ಒಗ್ಗರಣೆಯ ವಾಸನೆಗೆ ವಾಂತಿ, ಸೋಪಿನ ವಾಸನೆಗೆ ವಾಂತಿ, ಎಲ್ಲಕ್ಕಿಂತ ಹೆಚ್ಚಾಗಿ ಮಲ್ಲಿಗೆಯ ವಾಸನೆಗೆ. ಮೂರು ತಿಂಗಳಿಗೆ ನಿಲ್ಲುತ್ತದೆ ಎಂದು ಹೇಳಿದವರೆಲ್ಲ ಸುಮ್ಮನಾಗಿದ್ದರು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಹುಡುಗಿಯ ಕೆನ್ನೆ ಒಳಗೆ ಹೋಗಿತ್ತು, ಡಾಕ್ಟರಮ್ಮ ಪ್ರತಿ ಸಲವೂ ಅಕ್ಕನನ್ನು ಬೈದು ಕಳಿಸುತ್ತಿದ್ದರು. ಬಾಡಿಗೆಯ ಪ್ಲಾಸ್ಟಿಕ್ ಜಡೆಯೊಂದನ್ನು ತಂದು ನೋಡಿದರೆ ಅದರಲ್ಲಿ ಹಿಂದಿನ ಮದುಮಗಳ ತಲೆಯೆಣ್ಣೆಯ ವಾಸನೆ. ವೀಣಾ ಬಚ್ಚಲಿಗೆ ಓಡಿದಳು. ಜಡೆ ಬೇಡ ಎನ್ನೋಣ ಎಂದರೆ ಬೀಗಿತಿ ಪಾರ್ವತಮ್ಮ, "ಜಡಿ ಇಲ್ದ ಕುಬಸ ಯಾವ ಸೀಮಿದ್ರೀ?" ಎಂದು ಫೋನಿನಲ್ಲಿ ಕೇಳಿದ್ದರಂತೆ.

ಇದನ್ನು ಕೇಳಿದ ಸಂಜೆ ನಾನೂ ಸುಮಳೂ ಮಂಡಕ್ಕಿ ತಿನ್ನುತ್ತಾ ಕೂತಿದ್ದೆವು. ಅವಳು ಏನಕ್ಕೋ ನನ್ನ ಮೇಲೆ ರೇಗಿ ಕೈ ಬೀಸಿದಾಗ ಒಂದು ಕಾಳು ಹಾರಿ ಅವಳ ಕೂದಲಿಗೆ ಸಿಕ್ಕಿಕೊಂಡಿತು. ಕಪ್ಪು ಕೂದಲು, ಬಿಳಿ ಕಾಳು, ತುದಿ ಸ್ವಲ್ಪ ಚೂಪು. ಮಲ್ಲಿಗೆ ಮೊಗ್ಗಲ್ಲದೆ ಅದು ಬೇರೇನೂ ಅಲ್ಲ! ಅವಳು ಬೈಯುತ್ತಲೇ ಇದ್ದಳು, ನಾನು ಅವಳ ತಲೆಯನ್ನೇ ನೋಡುತ್ತಾ ಅಕ್ಕನಿಗೆ ಫೋನು ಹಚ್ಚಿದೆ.

"ಲೋ ಚಂದ್ರು, ತಿನ್ನೋದನ್ನ ತಲಿಗೆ ಏರಿಸ್ತಿಯೇನೋ?" ಅಕ್ಕನ ದನಿ ಅಡುಗೆಮನೆಯವರೆಗೂ ಕೇಳಿಸಿತು. "ಬೀಗರ ಮುಂದೆ ನನ್ನ ಮರ್ಯಾದಿ ಏನಾಗ್ಬೇಕು? ಆ ನಿನ್ನ ಚಿಪ್ಪಿನ ದೀಪ ಇಟ್ಕೊಂಡು ಪರದೆ ಸುಟ್ಕೊಂಡೀನಿ, ಸಾಕು."

ಅಷ್ಟರಲ್ಲಿ ವೀಣಾ ಫೋನು ಕಿತ್ತುಕೊಂಡಳು. "ಮಾಮ, ನೀ ಮಾಡು. ವಾಸನಿ ಇರಬಾರ್ದು, ಅಷ್ಟೆ."

ಕೊನೆಗೆ ಅಕ್ಕ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಬೀಗಿತಿಗೆ ಗೊತ್ತಾಯ್ತು ಅಂದ್ರೆ ಮುಗೀತು. ಇನ್ಮುಂದೆ ನಮ್ಮನಿಗೆ ನೀನು ಬರೀ ಕೈಲಿ ಬರ್ಬೇಕು. ಸೂಜಿ ದಾರದ ಸುದ್ದಿ ಎತ್ತಂಗಿಲ್ಲ."

ಮಂಡಕ್ಕಿಯನ್ನು ಪೋಣಿಸುವುದು ಹೇಳಿದಷ್ಟು ಸುಲಭವಲ್ಲ. ಗರಿಗರಿಯಾದ ಕಾಳಿಗೆ ಸೂಜಿ ತಾಗಿಸಿದರೆ ಪುಡಿಯಾಗುತ್ತದೆ. ಮೆತ್ತಗಾಗಿದ್ದರೆ ಮಾತ್ರ ಹೊಟ್ಟೆಯಲ್ಲಿ ದಾರ ಹಾಯುತ್ತದೆ. ಪೋಣಿಸಿ ಬಿಸಿಲಿಗಿಟ್ಟರೆ ಮತ್ತೆ ಗರಿಯಾಗಿ ನಿಲ್ಲುತ್ತದೆ. ಹಾಗಾಗಿ ನಾನು ಮಂಡಕ್ಕಿ ಭಟ್ಟಿಗೆ ಹೋಗಿ, ಅಲ್ಲಿನ ಯಜಮಾನರಾದ ಖಾದರ್ ಸಾಬರನ್ನು ವಿನಯದಿಂದಲೇ ಕೇಳಿದೆ: "ಸಾಬ್ರೇ, ಮೆತ್ತಗಾಗಿರೋ ಮಂಡಕ್ಕಿ ಐತೇನ್ರಿ?"

ಅವರು ಜರಡಿ ಕೆಳಗಿಟ್ಟರು. "ಏನಂದ್ರಿ?"

"ಮೆತ್ತಗಾಗಿರೋದು. ಹಳೇದಿದ್ರೆ ಇನ್ನೂ ಚಲೋ."

"ಸಾರ್, ನಮ್ ದಾದಾನ ಕಾಲದಿಂದ ಈ ಭಟ್ಟಿ ಉರೀತೈತೆ. ಮೆತ್ತಗಾಗೈತೆ ಅಂತ ಜಗಳಕ್ಕೆ ಬಂದೋರನ್ನ ನೋಡೀನಿ. ಮೆತ್ತಗಿರೋದೇ ಬೇಕು ಅಂತ ಬಂದೋರು ನೀವೇ ಮೊದ್ಲು. ಖರೆ ಹೇಳ್ರಿ, ಆ ಕಡೆ ಭಟ್ಟಿಯೋರು ಕಳಿಸಿದ್ರಾ ನಿಮ್ಮನ್ನ?"

ಜಡೆಗೆ ಎಂದು ವಿವರಿಸಿದೆ. ಅವರು ನನ್ನ ತಲೆಯನ್ನು ನೋಡಿದರು. ಅಲ್ಲಿ ಜಡೆಗೆ ಬೇಕಾದ ಅನುಕೂಲ ಏನೂ ಇರಲಿಲ್ಲ. ಬಿಸಿಬಿಸಿ ಮಂಡಕ್ಕಿಯನ್ನೇ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ ಕೊಟ್ಟರು. ಗಾಳಿ ಹೋಗಿ ಮೆತ್ತಗಾದರೆ ಅದು ಅವರ ತಪ್ಪಲ್ಲ ಎಂಬಷ್ಟು ಬಿಗಿಯಾಗಿ.

ಮನೆಯಲ್ಲಿ ಹಸಿಬಟ್ಟೆಯ ನಡುವೆ ಹರಡಿ ಮೆತ್ತಗೆ ಮಾಡಿಕೊಂಡೆ. ಹಳೆಯ ರವಿಕೆಯ ಒಳಬಟ್ಟೆಯನ್ನು ಒಗೆದು ಜಡೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಸಾಲು ಸಾಲು ಕಾಳು ಹೊಲಿದೆ. ನಡುವಿನ ಕನಕಾಂಬರದ ಸಾಲಿಗೆ ಬೀಟ್‌ರೂಟ್ ರಸದಲ್ಲಿ ಅದ್ದಿದ ಕಾಳು, ಅಂಚಿಗೆ ಜರಿ. ಅಂಟು ಮುಟ್ಟಲಿಲ್ಲ, ಅಂಟಿಗೂ ವಾಸನೆ ಇರುತ್ತದೆ. ಮಾಳಿಗೆಯ ಮೇಲೆ ಒಣಗಲು ಇಟ್ಟಾಗ ಗುಬ್ಬಿ, ಪಾರಿವಾಳ, ಅಳಿಲು ಎಲ್ಲವೂ ಪ್ರದರ್ಶನಕ್ಕೆ ಬಂದವು. ಕೊಡೆ ಹಿಡಿದು ಕಾವಲು ಕೂತೆ. ಕೆಳಗಿನಿಂದ ಸುಮ ಪಕ್ಕದ ಮನೆಯವರಿಗೆ, "ಜಡಿ ಕಾಯಾಕತ್ತಾರೆ ರೀ, ನಿಮ್ಮ ಮನ್ಯೋರು ಪುಣ್ಯವಂತ್ರು, ಬರೀ ಟೀವಿ ನೋಡ್ತಾರೆ" ಎನ್ನುವುದು ಕೇಳಿಸಿತು. ಎಷ್ಟು ಬೇಕಾದರೂ ನಗಲಿ ಎಂದು ಕೊಡೆಯನ್ನು ಇನ್ನೂ ನೆಟ್ಟಗೆ ಹಿಡಿದೆ. ಜಡೆ ಒಣಗಿದ ಮೇಲೆ ಅವಳೇ ಬಂದು ಬೆರಳಾಡಿಸಿ ನೋಡಿದಳು. ಹುಬ್ಬು ಸ್ವಲ್ಪ ಮೇಲೇರಿತು. ನಾನು ಕಂಡೆ. ಅವಳು ಇಲ್ಲ ಎನ್ನುತ್ತಾಳೆ.

ಕುಬಸದ ದಿನ ಹರಿಹರದ ಮನೆಯ ನಡುಮನೆ ತುಂಬಿತ್ತು. ವೀಣಾ ಮಣೆಯ ಮೇಲೆ ಕೂತಿದ್ದಳು, ಬೆನ್ನ ಮೇಲೆ ನನ್ನ ಜಡೆ. ಮುಖದಲ್ಲಿ ಸಂಕಟವಿರಲಿಲ್ಲ, ಅದೇ ದೊಡ್ಡದು. ಪಾರ್ವತಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. "ಎಷ್ಟು ಬಿಳುಪೈತ್ರೀ ಮೊಗ್ಗು! ಯಾ ಕಡಿ ಮಲ್ಲಿಗಿ?"

ಅಕ್ಕ ನನ್ನ ತೋಳನ್ನು ಚಿವುಟಿ, "ಹಡಗಲಿ ಕಡೀದ್ರಿ" ಎಂದಳು.

"ಘಮಾನೇ ಇಲ್ಲಲ್ರೀ?"

"ಐಸ್‌ನಾಗಿಟ್ಟಿದ್ವಿ ರೀ, ಅದ್ಕ."

ಕನ್ನಡಿ ಹಿಡಿದು ಫೋಟೋ ತೆಗೆದರು. ಇನ್ನೊಂದು ಫೋಟೋಕ್ಕೆಂದು ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು ಮಡಿಲಲ್ಲಿ ಇಟ್ಟರು. ಅಪಾಯ ಶುರುವಾದದ್ದು ಅಲ್ಲಿಂದ. ಆರತಿ ಹಾಡು ಉದ್ದವಾಗಿತ್ತು. ಎಲ್ಲರೂ ತಟ್ಟೆಯ ಕಡೆ ನೋಡುತ್ತಿದ್ದರು, ನಾನು ಮಾತ್ರ ನನ್ನ ಕೆಲಸವನ್ನೇ ನೋಡುತ್ತಿದ್ದೆ. ಆದ್ದರಿಂದ ಮೊದಲು ಕಂಡವನು ನಾನು. ವೀಣಾಳ ಎಡಗೈ ಜಡೆಯ ತುದಿಗೆ ಹೋಯಿತು. ಏನೋ ಕಿತ್ತಿತು. ಸೆರಗು ಸರಿಮಾಡಿಕೊಳ್ಳುವವಳಂತೆ ಬಾಯಿಯ ಹತ್ತಿರ ಹೋಗಿ ಕೆಳಗಿಳಿಯಿತು. ನನ್ನ ಕಣ್ಣಿಗೆ ಏನೋ ಆಗಿದೆ ಎಂದುಕೊಂಡೆ. ಕೈ ಮತ್ತೆ ಏರಿತು. ಮತ್ತೆ ಇಳಿಯಿತು. ಜಡೆಯ ಕುಚ್ಚಿನ ಮೇಲಿನ ಸಾಲು ಪೂರ್ತಿ ಹೋಗಿ ದಾರ ಮಾತ್ರ ಉಳಿದಿತ್ತು. ನಾನು ಕಣ್ಣು ಸನ್ನೆ ಮಾಡಿದೆ, ಕೆಮ್ಮಿದೆ. ಅವಳು ಅರೆಗಣ್ಣು ಮುಚ್ಚಿ, ಧ್ಯಾನದಲ್ಲಿದ್ದವಳ ಹಾಗೆ ಅಗಿಯುತ್ತಿದ್ದಳು. ಅಷ್ಟರಲ್ಲಿ ಹಾಡು ನಿಂತಿತು. ಆ ಮೌನದಲ್ಲಿ ಸ್ಪಷ್ಟವಾಗಿ, ಕುರುಮ್ ಎಂದಿತು.

"ಯವ್ವಾ! ಹುಡುಗಿ ಹೂವು ತಿನ್ನಾಕತ್ತಾಳೆ!" ಪಾರ್ವತಮ್ಮ ಆರತಿ ತಟ್ಟೆಯನ್ನು ಹಾಗೇ ನೆಲಕ್ಕಿಟ್ಟರು.

ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ನನ್ನ ಕೈಕೆಲಸ ಹಡಗಲಿಯ ಹೆಸರಿನಲ್ಲಿ ನಿಂತಿರುವುದು ಅಷ್ಟು ಹೊತ್ತೂ ನನ್ನನ್ನು ಚುಚ್ಚುತ್ತಿತ್ತು. ಮುಂದೆ ಬಂದು ಗಟ್ಟಿಯಾಗಿ ಹೇಳಿದೆ: "ಅದು ಹೂವಲ್ಲಮ್ಮಾ, ಮಂಡಕ್ಕಿ. ಹಡಗಲಿದೂ ಅಲ್ಲ, ದಾವಣಗೆರೇದು. ಮಲ್ಲಿಗಿ ವಾಸನಿ ಆಕಿಗೆ ಆಗಲ್ಲ. ನಾನೇ ಮಾಡೀನಿ, ನಾನೇ ಪೋಣಿಸೀನಿ. ಅನ್ಬೇಕಾದ್ರೆ ನನಗೆ ಅನ್ರಿ, ನಮ್ಮಕ್ಕಗಲ್ಲ."

ಪಾರ್ವತಮ್ಮ ನಿಧಾನವಾಗಿ ಬಗ್ಗಿ, ಜಡೆಯಿಂದ ಒಂದು ಕಾಳು ಕಿತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಆಮೇಲೆ ಸೊಸೆಯ ಗಲ್ಲ ಹಿಡಿದು ಕೇಳಿದರು: "ಸೇರ್ತೈತೇನವ್ವಾ?"

"ಸೇರ್ತೈತೆ ಅತ್ತಿ," ಎಂದಳು ವೀಣಾ. "ಹೊಟ್ಟಿ ತೊಳಸವಲ್ದು."

"ಹಂಗಾದ್ರೆ ತಿನ್ನು. ಫೋಟೋ ಆತಲ್ಲ, ಇನ್ನ್ಯಾರಿಗೆ ಬೇಕು ಜಡಿ?"

ಅವಳು ತಿಂದಳು. ನಮ್ಮೆಲ್ಲರ ಎದುರಿಗೇ, ತುದಿಯಿಂದ ಶುರುಮಾಡಿ ಮೇಲಕ್ಕೆ, ಸಾಲು ಬಿಡದೆ ತಿಂದಳು. ಹೆಂಗಸರೆಲ್ಲ ಅವಳು ಈಗ ಬಚ್ಚಲಿಗೆ ಓಡುತ್ತಾಳೆ, ಈಗ ಓಡುತ್ತಾಳೆ ಎಂದು ದಾರಿ ಬಿಟ್ಟು ನಿಂತಿದ್ದರು. ಓಡಲಿಲ್ಲ. ಊಟದ ಹೊತ್ತಿಗೂ ಓಡಲಿಲ್ಲ. ಅಷ್ಟು ಕಷ್ಟಪಟ್ಟು ಬಣ್ಣ ಹಿಡಿಸಿದ ಕನಕಾಂಬರದ ಸಾಲು ಕಣ್ಣೆದುರೇ ಹೋಗುವುದನ್ನು ನೋಡುತ್ತಾ ನಾನು ಕಂಬ ಹಿಡಿದು ನಿಂತಿದ್ದೆ. ಅಕ್ಕ ನನ್ನ ಪಕ್ಕಕ್ಕೆ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಬೇರೆ ಯಾರಿಗೂ ಕೇಳದ ಹಾಗೆ, "ಲೋ, ಇನ್ನೊಂದು ಜಡಿ ಐತೇನೋ?" ಎಂದಳು.

ಮರುದಿನ ಅಕ್ಕ ಮಂಡಕ್ಕಿಯನ್ನು ತಟ್ಟೆಗೆ ಹಾಕಿ ಕೊಟ್ಟಳಂತೆ. ವೀಣಾ ಮುಟ್ಟಲಿಲ್ಲ. ತಟ್ಟೆ ಕಂಡರೆ ಸಂಕಟವಂತೆ, ದಾರದಿಂದ ಕಿತ್ತು ತಿಂದರೆ ಮಾತ್ರ ಒಳಗೆ ಹೋಗುತ್ತದಂತೆ. ಹೀಗಾಗಿ ನಾನು ಈಗಲೂ ಪೋಣಿಸುತ್ತಿದ್ದೇನೆ. ಹರಿಹರದ ಬಸ್ಸಿನಲ್ಲಿ ಮಡಿಲ ಮೇಲೆ ಜಡೆ ಮಲಗಿಸಿಕೊಂಡು ಹೋಗುವ ನನ್ನನ್ನು ನೋಡಿ ನಗುವವರು ನಗುತ್ತಾರೆ. ನನ್ನ ಕೆಲಸಕ್ಕೆ ಬೆಲೆಯಿಲ್ಲ ಎನ್ನುವವರಿಗೆ ನನ್ನ ಸವಾಲು ಇಷ್ಟೇ: ನಿಮ್ಮ ಅಂಗಡಿಯ ಆಭರಣಕ್ಕಾಗಿ ಯಾರಾದರೂ ಹೊಸಿಲಲ್ಲಿ ಹಸಿದು ಕಾದು ಕೂತಿದ್ದಾರೆಯೇ? ವೀಣಾಳ ಕೆನ್ನೆ ಈಗ ಸ್ವಲ್ಪ ತುಂಬಿದೆ. ಜಡೆಯ ಅಂದದ ಬಗ್ಗೆ ಮಾತ್ರ ಆ ಮನೆಯಲ್ಲಿ ಇವತ್ತಿನವರೆಗೆ ಯಾರೂ ಒಂದು ಮಾತು ಆಡಿಲ್ಲ.

ನಿನ್ನೆ ವೀಣಾಳೇ ಫೋನು ಮಾಡಿದ್ದಳು. ಕೊನೆಗೂ ಹೊಗಳಿಕೆ ಬಂತು ಎಂದು ನಾನು ನೆಟ್ಟಗೆ ಕೂತೆ. "ಮಾಮ, ಈ ಸಲ ಜರಿ ಹಾಕ್ಬ್ಯಾಡ. ಹಲ್ಲಿಗೆ ಸಿಗ್ತೈತೆ."

ಜರಿಯಿಲ್ಲದೆ ಮೊಗ್ಗಿನ ಜಡೆಯೇ? ತಿನ್ನುವವರ ಮಾತು ಕೇಳಿ ಕಸೂತಿ ಬದಲಿಸುವವನು ನಾನಲ್ಲ ಎಂದು ಸುಮಳ ಮುಂದೆ ಕೂಗಾಡಿದೆ. ಜರಿ ಹಾಕಿಯೇ ಹೊಲಿದೆ. ಗಂಟನ್ನು ಮಾತ್ರ, ಒಂದು ಸಲ ಎಳೆದರೆ ಜರಿಯೆಲ್ಲ ಪೂರ್ತಿ ಕಳಚಿ ಬರುವ ಹಾಗೆ ಹಾಕಿದ್ದೇನೆ.