ಲಿನಕ್ಸಿಗೆ ಲೈನು ಸಿಗದಿದ್ದಾಗ

ಇಂಟರ್ನೆಟ್ಟು ಅಂಜನಾಪುರದ ನಾಲೆಯ ನೀರಿನಂತೆಯೇ ಹರಿದು ಬರುತ್ತದೆಂದು ನಂಬಿದ್ದವರು ಜಗತ್ತಿನಲ್ಲಿ ಒಬ್ಬರೇ ಇದ್ದರೆ, ಅವರು ನಮ್ಮ ಭಾವನವರು. ಶಿಕಾರಿಪುರದ ನಮ್ಮಕ್ಕನ ಯಜಮಾನರು. ನೀರಾವರಿ ಇಲಾಖೆಯಲ್ಲಿ ನಾಲೆ ಕಾದು ನಿವೃತ್ತರಾಗಿದ್ದರು. ನಾಲೆ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಅನ್ನಕ್ಕೆ ಸಾರು ಬಡಿಸಿದರೆ, ಬೆರಳಿನಿಂದ ಕಾಲುವೆ ತೆಗೆದು, ಕೊನೆಯ ಅಗುಳಿಗೂ ಸಾರು ಮುಟ್ಟಿತೇ ಎಂದು ನೋಡಿಯೇ ಕಲಸುವವರು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ಮನೆಗೆ ಕಂಪ್ಯೂಟರ್ ತಂದರು. ಎಲ್ಲರಂತೆ ವಿಂಡೋಸ್ ಹಾಕಿಸಿದರೇ? ಇಲ್ಲ. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡರು.

“ಇದರ ಗೇಟೆಲ್ಲ ಬಿಚ್ಚಿ ನೋಡಬೋದು ಕಣಮ್ಮ. ಬೇರೇದಕ್ಕೆ ಬೀಗ ಜಡಿದಿರ್ತಾರೆ,” ಎಂದರು ನನಗೆ.

ನಗಬೇಡಿ, ಕಂಪ್ಯೂಟರ್ ತಂದದ್ದಕ್ಕೊಂದು ಕಾರಣವಿತ್ತು. ಆ ವರ್ಷ ಗಂಟಲಿನ ಆಪರೇಷನ್ ಆಗಿ ಅಕ್ಕನ ದನಿ ಪೂರ್ತಿ ಹೋಗಿತ್ತು. ಅದಕ್ಕೆ ಮುಂಚೆ, ಮಧ್ಯಾಹ್ನ ಊಟ ಮುಗಿಯುತ್ತಲೇ ನಾನು ಸೊರಬದಿಂದ ಫೋನ್ ಮಾಡುವುದು, ಅಂದಿನ ಅಡುಗೆಯ ಬಗ್ಗೆ ಇಬ್ಬರೂ ಜಗಳವಾಡುವುದು ರೂಢಿ. ಆಪರೇಷನ್ ಆದ ಮೇಲೆ ಭಾವನವರು ಅದನ್ನು ನಿಲ್ಲಿಸಿದರು.

“ಫೋನ್ ಮಾಡಬ್ಯಾಡಮ್ಮ. ಉತ್ತರ ಕೊಡಾಕಾಗದೆ ಸಂಕಟ ಪಡ್ತಾಳೆ. ಕಂಪ್ಯೂಟರಲ್ಲಿ ಇ-ಮೇಲ್ ಬರೀಲಿ. ನಿಮ್ಮೂರಿನ ಕಂಪ್ಯೂಟರ್ ಕ್ಲಾಸಿನೋರು ತೆಗೆದು ಕೊಡ್ತಾರೆ.”

“ಕಾಗದ ಬರೆದರೆ ಆಗಲ್ವಾ ಭಾವ?”

“ನಿಮ್ಮಿಬ್ಬರ ಜಗಳ ಅಂಚೇಲಿ ಬರೋ ಹೊತ್ತಿಗೆ ಆರಿ ಹೋಗಿರ್ತೈತೆ.”

ಆದರೆ ಇಂಟರ್ನೆಟ್ಟು ಬರಲಿಲ್ಲ. ಫೋನಿನ ತಂತಿಗೆ ಸಿಕ್ಕಿಸಿದ ಮೋಡೆಮ್ಮು ಡಯಲ್ ಮಾಡುತ್ತಿತ್ತು, ಸಿಳ್ಳೆ ಹಾಕುತ್ತಿತ್ತು, ಇನ್ನೇನು ಬಂತು ಎನ್ನುವಾಗ ಸತ್ತು ಹೋಗುತ್ತಿತ್ತು. ಭಾವನವರು ಲಿನಕ್ಸಿನ ಕಡತಗಳನ್ನು ತೆರೆದು ವೇಗ ತಗ್ಗಿಸಿದರು; ನಮ್ಮ ಕಡೆಯ ಹಳೇ ಎಕ್ಸ್‌ಚೇಂಜಿಗೆ ಒಗ್ಗಲೆಂದು ಡಯಲ್ ಮಾಡುವ ಕ್ರಮವನ್ನೇ ಬದಲಿಸಿದರು. ಕೊಡೆ ಹಿಡಿದು ಟೆಲಿಫೋನ್ ಕಂಬಗಳ ಸಾಲಿನುದ್ದಕ್ಕೂ ನಡೆದರು, ನಾಲೆ ಒಡೆದದ್ದನ್ನು ಹುಡುಕುವವರಂತೆ. ಕೊನೆಗೆ ಕಂಪ್ಯೂಟರ್ ಕ್ಲಾಸಿನವರನ್ನು ವಿಚಾರಿಸಲು ಸೊರಬಕ್ಕೇ ಬಂದು, ನಮ್ಮ ಜಗಲಿಯಲ್ಲಿ ಕುಳಿತರು.

“ಪರದೆ ಮೇಲೆ ‘ನೋ ಕ್ಯಾರಿಯರ್’ ಅಂತ ಬರ್ತೈತೆ.”

“ಊಟದ ಕ್ಯಾರಿಯರ್ರೋ, ಸೈಕಲ್ಲಿಂದೋ?”

“ಹಾಸ್ಯ ಮಾಡಬ್ಯಾಡ. ಲೈನು ಕಡಿದೈತೆ ಅಂತ ಅದರರ್ಥ. ಮೇಲಿಂದ ನೀರು ಬಿಟ್ಟಾರೆ, ಸದ್ದು ಕೇಳ್ತೈತೆ. ಮಧ್ಯದಾಗೆ ಯಾರೋ ತೂಬು ಎತ್ತಾಕತ್ತಾರೆ. ಅವರನ್ನ ಹಿಡೀಬೇಕು.”

ನೀರುಗಳ್ಳರನ್ನು ಹಿಡಿಯುವ ಉಪಾಯ ಅವರಿಗೆ ಒಂದೇ ಗೊತ್ತಿದ್ದದ್ದು: ನೀರು ಬಿಡುವುದು, ನೀರಿನ ಜೊತೆಗೇ ನಡೆಯುವುದು. ಮರುದಿನ ಶಿಕಾರಿಪುರದಲ್ಲಿ ಅದನ್ನೇ ಮಾಡಿದರಂತೆ. ಲಿನಕ್ಸಿಗೆ ಡಯಲ್ ಮಾಡಲು ಹೇಳಿ, ಗೋಡೆಯ ತಂತಿಯ ಮೇಲೆ ಕಣ್ಣಿಟ್ಟು, ಬೆನ್ನು ಬಗ್ಗಿಸಿ ಪಡಸಾಲೆ ದಾಟಿ ಅಡುಗೆಮನೆಗೆ ಹೋದರು. ಅದೇ ಲೈನಿನ ಇನ್ನೊಂದು ಫೋನು ಅಲ್ಲಿತ್ತು. ಮೋಡೆಮ್ಮು ಡಯಲ್ ಮಾಡಿದಾಗೆಲ್ಲ ಅದು ಸಣ್ಣಗೆ ‘ಟಿಣ್ ಟಿಣ್’ ಎನ್ನುತ್ತಿತ್ತು.

ಅಕ್ಕ ರಿಸೀವರ್ ಎತ್ತಿ ಕಿವಿಗೊತ್ತಿಕೊಂಡು ನಿಂತಿದ್ದಳು. ಅವಳು ಎತ್ತಿದ್ದೇ ತಡ, ಪಡಸಾಲೆಯಲ್ಲಿ ಸಿಳ್ಳೆ ನಿಂತುಹೋಗಿತ್ತು.

“ಯಾಕೆ ಎತ್ತಿದೆ?” ಎಂದು ಭಾವನವರು ಕೇಳಿದರು.

ಅಕ್ಕ ಕೈಯೆತ್ತಿ ಸೊರಬದ ದಿಕ್ಕು ತೋರಿಸಿದಳಂತೆ.

ಭಾವನವರು ಹೋಗಿ ಮೋಡೆಮ್ಮಿನ ತಂತಿ ಕಿತ್ತರು. ಆಮೇಲೆ ನನಗೆ ಫೋನ್ ಬಂತು. ಭಾವನವರು ನಡೆದದ್ದನ್ನೆಲ್ಲ ಹೇಳಿದರು; ‘ಟಿಣ್’ ಎಂದಾಗೆಲ್ಲ ಅಕ್ಕ ನನ್ನದೇ ಫೋನೆಂದು ಎತ್ತುತ್ತಿದ್ದಳಂತೆ.

“ದನಿ ಹೋಗೈತೆ, ಕಿವಿ ಹೋಗಿಲ್ಲ. ನನಗಿದು ಹೊಳೀಲೇ ಇಲ್ಲಮ್ಮ. ಮಾತಾಡು, ಕೇಳ್ತಾಳೆ.”

“ಏನಂತ ಮಾತಾಡಲಿ ಭಾವ?”

“ದಿನಾ ಏನು ಮಾತಾಡ್ತಿದ್ದೆ? ಅದನ್ನೇ ಆಡು.”

ಆ ಕಡೆ ರಿಸೀವರ್ ಕೈ ಬದಲಾಯಿಸಿತು. ಉಸಿರು ಕೇಳಿಸುತ್ತಿತ್ತು, ಅಷ್ಟೇ.  ನಾನು ಶುರು ಮಾಡಿದೆ:

“ಅಕ್ಕಾ, ಇವತ್ತು ಕೆಸುವಿನ ಸೊಪ್ಪು ಮಾಡಿದ್ದೆ. ಹುಣಸೆಹಣ್ಣು ಹಾಕೋದೇ ಮರೆತುಬಿಟ್ಟೆ. ಮನೆಯವರೆಲ್ಲ ನಾಲಿಗೆ ತುರಿಸಿಕೊಳ್ತಾ ಕೂತಿದ್ದಾರೆ.”

 ಆ ಕಡೆಯಿಂದ ಟಕ್, ಟಕ್, ಟಕ್ ಎಂದು, ಬೆರಳಿನ ಗೆಣ್ಣಿನಿಂದ ರಿಸೀವರಿಗೆ ಬಲವಾಗಿ ಮೊಟಕಿದ ಸದ್ದು.

ನನಗೆ ತಿಳಿಯದೆಯೇ ನನ್ನ ಕೈ ನೆತ್ತಿ ಮುಟ್ಟಿಕೊಂಡಿತು.