ಅಳಿಯನ ಅನುಭವ ಪತ್ರ

ಅಳಿಯ ಮಾಂತೇಶನನ್ನು ನಾನು ಮೊದಲು ಕಂಡಿದ್ದು ಅವನು ಮುಂಡರಗಿಯಿಂದ ನಮ್ಮ ಹರ್ತಿಯ ಮನೆಗೆ ಮಗಳು ಶಾಂಭವಿಯನ್ನು ನೋಡಲು ಬಂದ ದಿನ. "ಏನು ಓದೀರಿ?" ಎಂದೆ. "ಬಿ.ಎಸ್‌ಸಿ. ಅಗ್ರಿ. ಕೃಷಿ ಪದವೀಧರ ಅದೀನ್ರಿ" ಎಂದ. ಗಂಡ ಬಿಟ್ಟು ಹೋದ ನಾಲ್ಕೆಕರೆಗೆ ಆಳು ಸಿಕ್ಕಿತು ಎಂದು ಅವನ ಉಪ್ಪಿಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. (ತಪ್ಪು ನನ್ನದೇ.)

ಮದುವೆಯಾಗಿ ಮನೆಯಳಿಯನಾದ ಮೇಲೆ, ಆರು ವರ್ಷದಿಂದ ಮಾಂತೇಶ ನಮ್ಮ ಪಡಸಾಲೆಯಲ್ಲಿ ವಿರಾಜಮಾನನಾಗಿದ್ದಾನೆ. ನಾನು ಉಳ್ಳಾಗಡ್ಡಿಯ ಕಳೆ ತೆಗೆದು ಬಂದರೆ, "ಅತ್ತೀ, ಕುರ್ಪಿ ಹಿಡಿಯೋ ಕೋನ ತಪ್ಪೈತ್ರಿ" ಎನ್ನುತ್ತಾನೆ. ಹೀಗಾಗಿ ಅವನು ಹೊರದೇಶಕ್ಕೆ ಹೋಗುತ್ತೇನೆ ಎಂದಾಗ ದೇವರಿಗೆ ಮೊದಲು ದೀಪ ಹಚ್ಚಿದವಳು ನಾನು.

ಗದಗಿನ ವೀಸಾ ಏಜೆಂಟ ಇನಾಯತರು ಒಂದು ಪಟ್ಟಿ ತೆಗೆದರು. ಎಡಕ್ಕೆ ಪದವಿ, ಬಲಕ್ಕೆ ಕೆಲಸ. ಮಾಂತೇಶನಿಗೆ ಮ್ಯಾನೇಜರ ಆಗುವ ಆಸೆ.

"ಆಗಂಗಿಲ್ರಿ. ಪದವಿಗೂ ವೀಸಾಕ್ಕೂ ಜೋಡಿ ಕೂಡಬೇಕು. ನಿಮಗ ಕೃಷಿ ತಜ್ಞ ಒಂದ ಕೂಡತೈತಿ. ಅದಕ್ಕೂ ಐದು ವರ್ಷ ಹೊಲದ ಅನುಭವ ಬೇಕ್ರಿ."

ಹೊಲ ನನ್ನ ಹೆಸರಿನಲ್ಲಿದೆ. ಅನುಭವ ಪತ್ರಕ್ಕೆ ನಾನೇ 'ನೀಲಗಂಗವ್ವ' ಎಂದು ಸಹಿ ಮಾಡಿದೆ. (ನನಗೆ ಬರೆಯಲು ಬರುವುದು ಅದೊಂದೇ. ಐದು ಅಕ್ಷರ, ಐದು ನಿಮಿಷ.)

ಇನಾಯತರು ಖಾತ್ರಿ ಮಾಡಿಕೊಳ್ಳಲು ಮನೆಗೇ ಬರುತ್ತಾರೆ ಎಂದು ತಿಳಿದು ಮಾಂತೇಶ ನನಗೆ ಪಾಠ ಹೇಳಿದ: "ಅತ್ತೀ, ಏನು ಕೇಳಿದ್ರೂ ಹೌದ್ರಿ ಅನ್ರಿ. ಮುಂದ ಒಂದಕ್ಷರ ಬ್ಯಾಡ್ರಿ."

ಇನಾಯತರು ಬಂದರು, ಚಹಾ ಕುಡಿದರು, ಕೇಳಿದರು.

"ಅಳಿಯಾರು ನಿಮ್ಮ ಹೊಲದಾಗ ದುಡದಾರೇನ್ರಿ?"

"ಹೌದ್ರಿ."

"ಐದು ವರ್ಷ?"

"ಹೌದ್ರಿ."

"ಒಟ್ಟು ಎಷ್ಟು ದಿನ ಆಗಬಹುದ್ರಿ?"

ಇದಕ್ಕೆ ಹೌದ್ರಿ ಹೊಂದುವುದಿಲ್ಲ. ನೆನಪು ಮಾಡಿಕೊಂಡು ಹೇಳಿದೆ: "ಒಂದೂ ಇಲ್ರಿ. ಈ ಪತ್ರಕ್ಕ ಫೋಟೋ ತಗಸ್ಕೊಳ್ಳಾಕ ಒಮ್ಮೆ ಹೊಂಟಿದ್ರು. ಬಿಸಲಿತ್ತು. ಬಾಜೂ ಮನಿ ಹಿತ್ತಲದಾಗ ತಗಸ್ಕೊಂಡ್ರು."

ಒಳಗೆ ಶಾಂಭವಿಯ ಕೈಯಿಂದ ಪಾತೇಲಿ ಬಿತ್ತು. ಇನಾಯತರು ಪತ್ರವನ್ನು ನೀಟಾಗಿ ಮಡಚಿ ನನಗೇ ಕೊಟ್ಟರು. "ಖರೇನ ಐದು ವರ್ಷ ದುಡೀಲಿ, ಅಮ್ಮಾರ. ಆಮ್ಯಾಲೆ ಕೊಡ್ರಿ."

ಅಂದರೆ ಪಡಸಾಲೆಗೆ ಇನ್ನೂ ಐದು ವರ್ಷ ಬಿಡುವಿಲ್ಲ. ನನಗೀಗ ಎಪ್ಪತ್ತೊಂದು.

ಮರುದಿನ ಮುಂಜಾನೆ ಮಾಂತೇಶ ತಲೆಗೆ ರುಮಾಲು ಸುತ್ತಿ, ರೊಟ್ಟಿಯ ಬುತ್ತಿ ಹಿಡಿದು ಹೊಸ್ತಿಲು ದಾಟಿದ. ನನ್ನ ಮನಸ್ಸೂ ಕರಗಿತು. ಅವನು ಬೀದಿಯಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತಿರುಗಿ ಬಂದು ಕೇಳಿದ:

"ಅತ್ತೀ, ನಮ್ಮ ಹೊಲ ಯಾವ ಕಡೆ ಬರತೈತ್ರಿ?"