ಸೊಟ್ಟ ಮಟ್ಟು, ಒಂಟಿ ಬ್ಯಾಂಜೋ

ನಡುವಯಸ್ಸಿಗೆ ಬಂದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ವುಡ್‌ರಿಡ್ಜ್‌ನ ನಮ್ಮ ಬಡಾವಣೆಯಲ್ಲಿ ಒಬ್ಬರು ಗಾಲ್ಫ್ ಹಿಡಿದರು. ಇನ್ನೊಬ್ಬರು ಹಿತ್ತಿಲಲ್ಲಿ ಹೀರೇಕಾಯಿ ಬೆಳೆದು ಮನೆಮನೆಗೆ ಹಂಚಿ, ಎಲ್ಲರಿಗೂ ಹೀರೇಕಾಯಿ ಎಂದರೆ ಓಡಿಹೋಗುವಂತೆ ಮಾಡಿದರು. ನಾನು ಬ್ಯಾಂಜೋ ಎಂಬ ತಂತಿವಾದ್ಯ ಕೊಂಡುತಂದೆ. ನನ್ನಿಂದ ತೊಂದರೆಯಾದದ್ದು ನನ್ನ ಮನೆಯವರಿಗೆ ಮಾತ್ರ ಎಂಬುದು ನನ್ನ ಸಮಾಧಾನ.

ನಾನು ಕಲಿಯಹೊರಟದ್ದು ಕ್ಲಾಹ್ಯಾಮರ್ ಎಂಬ ಹಳೆಯ ಪದ್ಧತಿ. ಬೆರಳುಗಳನ್ನು ಬೆಕ್ಕಿನ ಪಂಜದ ಹಾಗೆ ಮಡಚಿ, ಉಗುರಿನಿಂದ ತಂತಿಗೆ ಮೇಲಿಂದ ಕೆಳಕ್ಕೆ ಹೊಡೆಯುತ್ತ, ನಡುನಡುವೆ ಹೆಬ್ಬೆರಳಿನಿಂದ ಗಿಡ್ಡ ತಂತಿಯೊಂದನ್ನು ಮೀಟಬೇಕು. ನನ್ನ ಹೆಂಡತಿ ಸುನಂದಾ ಬೇಡವೆನ್ನಲಿಲ್ಲ. “ಗರಾಜಿನ್ಯಾಗ ಸೌಂಡ್ ಭಾಳ ಛಲೋ ಬರ್ತದ ನೋಡ್ರಿ” ಎಂದಳು, ಅಷ್ಟೆ. ಅಂದಿನಿಂದ ಲಾನ್ ಮೋವರ್ ನನ್ನ ಖಾಯಂ ಶ್ರೋತೃವಾಯಿತು.

ಇಟಾಸ್ಕಾದ ನಮ್ಮ ಆಫೀಸಿನ ಗೆಳೆಯನೊಬ್ಬ ನನ್ನನ್ನು ಒಂದು ಲೈಬ್ರರಿಯ ನೆಲಮಾಳಿಗೆಗೆ ಕರೆದೊಯ್ದ. ಅಲ್ಲಿ ಭಾನುವಾರ ಮಧ್ಯಾಹ್ನ ಹತ್ತಾರು ಜನ ಸುತ್ತ ಕುಳಿತು ಗುಡ್ಡಗಾಡಿನ ಹಳೆಯ ಮಟ್ಟುಗಳನ್ನು ನುಡಿಸುತ್ತಿದ್ದರು. ಅವರ ಹಿರಿಯ ವಾಲ್ಟರ್ ಎಂಬ ಪಿಟೀಲುಗಾರ. ಕೆಂಟಕಿಯ ಬೆಟ್ಟಗಳಿಂದ ಕಾರಿನ ಫ್ಯಾಕ್ಟರಿ ಕೆಲಸಕ್ಕೆಂದು ಇಳಿದುಬಂದು ನಿವೃತ್ತರಾದವರು, ಮಾತು ಕಡಿಮೆ. ಅವರು ನುಡಿಸುವ ಮಟ್ಟುಗಳಲ್ಲಿ ಹೆಚ್ಚಿನವು ಸಾಧುಪ್ರಾಣಿಗಳು, ಎಂಟೆಂಟು ಏಟಿಗೆ ಸಾಲು ಮುಗಿಸಿ ಮನೆಗೆ ಹೋಗುತ್ತಿದ್ದವು. ಕೆಲವು ಮಾತ್ರ ಸೊಟ್ಟ. ಎಲ್ಲೋ ಒಂದು ಕಡೆ ಲೆಕ್ಕವಿಲ್ಲದೆ ಒಂದು ಏಟು ಹೆಚ್ಚಾಗಿ ಬಂದು ಕುಳಿತಿರುತ್ತದೆ, ಕರೆಯದೆ ಬಂದ ನೆಂಟನ ಹಾಗೆ. ಹುಡುಗನಾಗಿದ್ದಾಗ ಭಜನೆಯಲ್ಲಿ ತಾಳ ಹಾಕಿ ಬೆಳೆದ ನನ್ನ ಕೈ, ಆ ಜಾಗ ಬಂದ ಕೂಡಲೇ ಮುಂದೆ ನುಗ್ಗಿಬಿಡುತ್ತಿತ್ತು.

ಹೀಗಿರುವಾಗ ವಾಲ್ಟರ್ ಊರು ಬಿಡುವುದೆಂದು ತೀರ್ಮಾನವಾಯಿತು. ಅವರಿಗೆ ಕಣ್ಣು ಮಂಜಾಗುತ್ತಿತ್ತು, ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿದ್ದ ಮಗಳು ತನ್ನ ಮನೆಗೆ ಕರೆದಿದ್ದಳು. ಬೀಳ್ಕೊಡುಗೆಯ ದಿನ ತಮ್ಮ ತಂದೆಯಿಂದ ಕಲಿತ ಮಟ್ಟೊಂದನ್ನು ಒಂದೇ ಒಂದು ಬ್ಯಾಂಜೋ ಜೊತೆ ನುಡಿಸಬೇಕೆಂದು ಅವರು ಆಸೆಪಟ್ಟರು. ಸದಾ ಜೊತೆ ನುಡಿಸುತ್ತಿದ್ದ ಕ್ಯಾರಲ್‌ಳ ಮಣಿಕಟ್ಟಿಗೆ ಆಪರೇಷನ್ ಆಗಿತ್ತು. ಉಳಿದ ಬ್ಯಾಂಜೋದವರೆಲ್ಲ ಆ ಮಟ್ಟಿನ ಹೆಸರು ಕೇಳಿದ್ದೇ ಷೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಬಗ್ಗದೆ ಕೂತಿದ್ದವನು ನಾನೊಬ್ಬನೇ.

ವಾಲ್ಟರ್ ಕೊಟ್ಟ ಕ್ಯಾಸೆಟ್ ಹಾಕಿಕೊಂಡು ಗರಾಜಿನಲ್ಲಿ ಸಾಧನೆಗೆ ಇಳಿದೆ. ಆಗ ಧಾರವಾಡದಿಂದ ನಮ್ಮತ್ತೆ, ಸುನಂದಾಳ ತಾಯಿ, ಬಂದಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಕೆಲವು ದಿನ ಕೇಳಿ ಸಹಿಸಿ, ಕೊನೆಗೆ ಬಾಗಿಲಲ್ಲಿ ನಿಂತು, ಪ್ರತಿ ಸಲವೂ ಅಲ್ಲೇ ಯಾಕೆ ಎಡವುತ್ತೀರಿ ಎಂದು ಕೇಳಿದರು. ಎಡವುತ್ತಿರುವುದು ನಾನಲ್ಲ, ಮಟ್ಟು ಎಂದೆ. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನನ್ನು ನೋಡುವಂತೆ ನೋಡಿದರು.

ಮುಂದಿನ ಭಾನುವಾರ ನಾಚಿಕೆ ಬಿಟ್ಟು ವಾಲ್ಟರ್ ಅವರನ್ನೇ ಆ ಹೆಚ್ಚಿನ ಏಟು ಎಲ್ಲಿಂದ ಬಂತೆಂದು ಕೇಳಿದೆ. ತಮ್ಮ ತಂದೆ ಆ ಜಾಗಕ್ಕೆ ಬಂದಾಗ ಒಂದು ಏಟು ತಡೆದು ಬಾಯಲ್ಲಿದ್ದ ತಂಬಾಕನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸುತ್ತಿದ್ದರು, ತಾವು ಕಲಿತದ್ದೂ ಹಾಗೇ ಎಂದರು. ಮನೆಗೆ ಬಂದು ಇದನ್ನು ನಗುತ್ತ ಹೇಳಿದೆ. ಅತ್ತೆ ನಗಲಿಲ್ಲ. ದೇಸಿ ಅಂಗಡಿಗಳ ಡೆವಾನ್ ಅವೆನ್ಯೂದಿಂದ ತರಿಸಿದ್ದ ಎಲೆ ಅಡಿಕೆ ಮಡಚಿ ಬಾಯಿಗಿಟ್ಟುಕೊಂಡು ನನ್ನೆದುರು ಕುಳಿತರು.

“ಹಂಗಿದ್ರ ಅದು ತಪ್ಪಲ್ಲ ಬಿಡ್ರಿ. ನೀವು ಎಣಿಸಬ್ಯಾಡ್ರಿ. ನನ್ನ ಗಲ್ಲ ನೋಡಿಕೋತ ಬಾರಸ್ರಿ.”

ಕ್ಯಾಸೆಟ್ ಓಡಿತು. ಆ ಜಾಗ ಬಂದಾಗ ಅತ್ತೆಯ ಎಡಗೆನ್ನೆ ಇಳಿದು ಬಲಗೆನ್ನೆ ಉಬ್ಬಿತು, ನನ್ನ ಕೈ ತಾನಾಗಿ ತಡೆದು ನಿಂತಿತು. ಇಷ್ಟು ತಿಂಗಳು ಸಿಗದ ಲಯ ಅತ್ತೆಯ ಬಾಯಲ್ಲಿತ್ತು. ಸುನಂದಾ ಒಳಗೆ ಹೋಗಿ ನಕ್ಕು ಬಂದಳು.

ಬೀಳ್ಕೊಡುಗೆಯ ದಿನ ಅತ್ತೆ ರೇಷ್ಮೆ ಸೀರೆಯುಟ್ಟು, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ಮೊದಲ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿ ಸುನಂದಾ, ಮಗಳು ನಿಧಿ. ಮೊದಲ ಸುತ್ತು ಸರಿಯಾಯಿತು, ಎರಡನೆಯದೂ ಆಯಿತು. ಕಡೆಯ ಸುತ್ತಿನಲ್ಲಿ ವಾಲ್ಟರ್ ಕಣ್ಣು ಮುಚ್ಚಿದರು. ಆ ಜಾಗ ಬಂತು. ಅತ್ತೆಯ ಬಲಗೆನ್ನೆ ಉಬ್ಬಿತು, ನಾನು ನಿಂತೆ. ಪಿಟೀಲು ನಿಲ್ಲಲಿಲ್ಲ. ಅದು ಮುಂದೆ ಹೊರಟುಹೋಗಿತ್ತು. ಒಂದು ಏಟು ಹಿಂದೆ ಬಿದ್ದ ನನ್ನ ಬ್ಯಾಂಜೋ ಒಂಟಿಯಾಗಿ ಟಣ್ ಎಂದಿತು. ಜನ ಪ್ರೀತಿಯಿಂದಲೇ ನಕ್ಕರು. ನಾನು ಕೈ ಓಡಿಸಿ ವಾಲ್ಟರ್ ಅವರನ್ನು ಸೇರಿಕೊಂಡು ಹೇಗೋ ಮುಗಿಸಿದೆ.

ಚಪ್ಪಾಳೆಯ ನಡುವೆ ವಾಲ್ಟರ್ ನನ್ನ ಕೈ ಹಿಡಿದು ಕಿವಿಯ ಹತ್ತಿರ ಬಗ್ಗಿದರು. ಅಪ್ಪನಿಗಾಗಿ ಅಲ್ಲಿ ನಿಲ್ಲುವುದನ್ನು ನಾನು ಜೀವಮಾನದಲ್ಲೇ ಮೊದಲ ಸಲ ಮರೆತೆ, ನೀನು ನಿಂತೆ, ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಆದರೆ ಆ ಮಾತನ್ನು ಅವರು ಸ್ವಲ್ಪ ಗಟ್ಟಿಯಾಗಿ ಹೇಳಬಹುದಿತ್ತು. ಮೈಕು ಒಂದು ಅಡಿ ದೂರದಲ್ಲಿತ್ತು. ಕೈಗೆ ಬ್ಯಾಂಡೇಜು ಸುತ್ತಿದ್ದ ಕ್ಯಾರಲ್ ಬಂದು, ಅಲ್ಲಿ ಎಲ್ಲರೂ ಎಡವುತ್ತಾರೆ, ಬೇಜಾರು ಮಾಡಿಕೊಳ್ಳಬೇಡ ಎಂದು ಬೆನ್ನು ತಟ್ಟಿದಳು.

ಕಾರಿನಲ್ಲಿ ನಿಧಿ, “ಇಟ್ಸ್ ಓಕೆ ಡ್ಯಾಡ್, ಒಂದೇ ಮಿಸ್ಟೇಕ್” ಎಂದಳು. ತಪ್ಪಿದ್ದು ನಾನಲ್ಲ ಎಂದೆ. ನೀವಾದರೂ ಹೇಳಿ ಎಂದು ಅತ್ತೆಯನ್ನು ಸಾಕ್ಷಿಗೆ ಕರೆದೆ.

“ನೀವು ಸರೀನ ಬಾರಿಸಿದ್ರಿ,” ಎಂದರು ಅತ್ತೆ. “ಆದ್ರ ದೊಡ್ಡವರು ತಪ್ಪಿದಾಗ ಸಂಭಾಳಿಸಿಕೊಂಡು ಹೋಗಬೇಕ್ರಿ.”

ಅದು ಯಾಕೆ ಸಾಧ್ಯವಿರಲಿಲ್ಲ ಎಂಬುದನ್ನು ನಾನು ಸ್ಟಿಯರಿಂಗಿನ ಮೇಲೆ ತಾಳ ಹಾಕಿ ತೋರಿಸುತ್ತ ಸವಿಸ್ತಾರವಾಗಿ ವಿವರಿಸಿದೆ. ಯಾರೂ ಎದುರು ಮಾತಾಡಲಿಲ್ಲ. ಕೊನೆಗೂ ಒಪ್ಪಿದರಲ್ಲ ಎಂದುಕೊಂಡು ತಲೆಯೆತ್ತಿ ನೋಡಿದೆ. ಹೆದ್ದಾರಿಯಿಂದ ಇಳಿಯಬೇಕಾದ ನಮ್ಮ ಎಕ್ಸಿಟ್ ದಾಟಿ ಎರಡು ಮೈಲಿ ಮುಂದೆ ಬಂದಿದ್ದೆ.